ಒಡೆಯ-ತೊತ್ತೆಂಬ ಮಾತಿನ ವಿಚಾರ

ಬೆಂಗಳೂರಿನಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವ ಮಗನೊಬ್ಬನು ಹಬ್ಬಕ್ಕೆಂದು ಊರಿಗೆ ಬಂದಿರುವನೆಂದು ಭಾವಿಸೋಣ. ಪೂಜೆ ಪ್ರಸಾದಗಳಾದ ಮೇಲೆ ಪಡಸಾಲೆಯಲ್ಲಿ ಕುಳಿತು ಅವನು, “ಅಪ್ಪಾ, ಕಛೇರಿಯಲ್ಲಿ ಒಂದು ವಾರವೆಲ್ಲ ಒಂದು ಹೆಸರನ್ನು ಬದಲಾಯಿಸುವುದರಲ್ಲಿಯೇ ಹೋಯಿತು. ‘ಮಾಸ್ಟರ್’ ಎಂದಿದ್ದುದನ್ನೆಲ್ಲ ‘ಮೇನ್’ ಎಂದು ತಿದ್ದಿದೆವು” ಎನ್ನುತ್ತಾನೆ. ತಂದೆಗೆ ನಗು ಬರುತ್ತದೆ. “ಮೇಷ್ಟ್ರು ಎಂದರೆ ಯಾರಿಗಪ್ಪಾ ನೋವು? ಯಂತ್ರಕ್ಕೂ ಮಾನಾಪಮಾನಗಳುಂಟೆ?” ಎಂದು ಕೇಳುತ್ತಾನೆ. ಮಗನೂ ನಗುತ್ತಾನೆ, ಮಾತು ಮಳೆ ಬೆಳೆಯ ಕಡೆಗೆ ಹೊರಳುತ್ತದೆ.

ಈ ಪ್ರಶ್ನೆಯು ಹೀಗೆ ನಗುವಿನಲ್ಲಿ ಮುಗಿಯತಕ್ಕುದಲ್ಲ. ಗಣಕಯಂತ್ರದ ಲೋಕದಲ್ಲಿ ಇದಕ್ಕಾಗಿ ಹಲವು ವರ್ಷಗಳ ಕಾಲ ತೀಕ್ಷ್ಣವಾದ ವಾದವಿವಾದಗಳು ನಡೆದಿವೆ. ಬುದ್ಧಿವಂತರಾದವರು ಒಬ್ಬರೊಬ್ಬರ ಮುಖ ನೋಡದಷ್ಟು ಮುನಿದುಕೊಂಡಿದ್ದಾರೆ. ನಡೆ ನುಡಿಗಳ ಸಂಬಂಧವನ್ನು ಕುರಿತು ದಿನವೂ ಕೇಳುವ ಭಕ್ತರು, ಆ ಸಂಬಂಧವು ಅಪರಿಚಿತವಾದ ಒಂದು ಕಾಯಕದಲ್ಲಿ ಹೇಗೆ ಪರೀಕ್ಷೆಗೆ ಒಳಗಾಯಿತೆಂಬುದನ್ನು ತಿಳಿಯುವುದು ಯುಕ್ತವೇ ಆಗಿದೆ.

ಮೊದಲು ಆ ಲೋಕದ ಪರಿಚಯ ಸ್ವಲ್ಪ ಬೇಕು. ತಂತ್ರಾಂಶವೆಂದರೆ ಯಂತ್ರವು ಏನು ಮಾಡಬೇಕೆಂದು ವಿಧಿಸುವ ಬರಹ. ಇದನ್ನು ಗುಟ್ಟಾಗಿಟ್ಟು ಮಾರುವವರು ಒಂದು ಪಂಗಡವಾದರೆ, ಮೂಲ ಬರಹವನ್ನು ಎಲ್ಲರ ಕಣ್ಣಿಗೂ ಬಿಚ್ಚಿಟ್ಟು, ‘ಯಾರು ಬೇಕಾದರೂ ಓದಿರಿ, ತಿದ್ದಿರಿ, ಬಳಸಿರಿ’ ಎನ್ನುವವರು ಇನ್ನೊಂದು ಪಂಗಡ. ಈ ಎರಡನೆಯದಕ್ಕೆ ಓಪನ್ ಸೋರ್ಸ್ ಎಂದು ಹೆಸರು. ಹೆಲ್ಸಿಂಕಿಯವನು ಬರೆದುದನ್ನು ಹುಬ್ಬಳ್ಳಿಯವನು ತಿದ್ದಬಹುದು. ಸಂಬಳ ಕೊಡುವ ಒಬ್ಬ ಯಜಮಾನನಿಲ್ಲದುದರಿಂದ ಸಣ್ಣ ವಿಷಯವೂ ಚರ್ಚೆಯಿಂದಲೇ ತೀರ್ಮಾನವಾಗಬೇಕು. ಹೆಸರಿನ ಜಗಳ ಅಲ್ಲಿ ಅಷ್ಟು ದೊಡ್ಡದಾದುದಕ್ಕೆ ಇದೂ ಒಂದು ಕಾರಣ. ಎಲ್ಲರ ಮನೆಯಲ್ಲಿ ಗೋಡೆಗೆ ಯಾವ ಬಣ್ಣ ಬಳಿಯಬೇಕೆಂಬುದನ್ನು ಎಲ್ಲರೂ ಕೂಡಿಯೇ ಹೇಳಬೇಕಷ್ಟೆ.

ಒಂದು ಯಂತ್ರವು ಅಪ್ಪಣೆ ಕೊಡುತ್ತ ಉಳಿದವು ಅದನ್ನು ಅನುಸರಿಸುತ್ತಿದ್ದರೆ, ಮೊದಲನೆಯದನ್ನು ‘ಮಾಸ್ಟರ್’ ಎಂದೂ ಉಳಿದವನ್ನು ‘ಸ್ಲೇವ್’ ಎಂದೂ ಕರೆಯುವುದು ಬಹುಕಾಲದ ರೂಢಿ. ಒಡೆಯ ಮತ್ತು ತೊತ್ತು ಎಂದು ಅರ್ಥ. ಇದು ಗಣಕಯಂತ್ರಕ್ಕಿಂತಲೂ ಹಳೆಯದು. 1904ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನ್ ವೇಧಶಾಲೆಯ ಗಡಿಯಾರದ ವರ್ಣನೆಯಲ್ಲಿಯೇ ಈ ಮಾತು ಕಾಣುವುದೆಂದು ತಂತ್ರವಿದ್ಯೆಯ ಚರಿತ್ರೆಯನ್ನು ಬರೆದವರು ತೋರಿಸಿದ್ದಾರೆ. ಆ ನೆಲದಲ್ಲಿ ಮನುಷ್ಯರನ್ನು ಕೊಂಡು ಮಾರುವ ಪದ್ಧತಿಯು ಕಾನೂನಿನಿಂದ ನಿಂತುದು 1834ರಲ್ಲಿ. ಅಮೆರಿಕದಲ್ಲಿ 1865ರವರೆಗೂ ಅದು ನಡೆಯಿತು. ಮನುಷ್ಯನ ಮೇಲಿನಿಂದ ಕಳಚಿದ ಹೆಸರನ್ನು ಯಂತ್ರದ ಮೇಲೆ ಹಾಕಿದರು. ಹಾಕಿದವರಿಗೆ ಅದೇನೂ ತಪ್ಪೆಂದು ತೋರಲಿಲ್ಲ.

2003ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯ ಆಡಳಿತವು, ತನಗೆ ಸಾಮಗ್ರಿ ಒದಗಿಸುವ ವರ್ತಕರು ಈ ಜೋಡಿ ಹೆಸರನ್ನು ಬಳಸಬಾರದೆಂದು ಕೇಳಿಕೊಂಡಿತು. ಲೋಕವೆಲ್ಲ ಅದನ್ನು ಹಾಸ್ಯ ಮಾಡಿತು. 2014ರಲ್ಲಿ ಜಾಂಗೋ ಎಂಬ ತಂತ್ರಾಂಶವನ್ನು ಕಟ್ಟುವವರು ಒಡೆಯ-ತೊತ್ತುಗಳನ್ನು ಬಿಟ್ಟು, ಮೊದಲು ‘ಲೀಡರ್, ಫಾಲೋವರ್’ ಎಂದೂ ಬಳಿಕ ‘ಪ್ರೈಮರಿ, ರೆಪ್ಲಿಕಾ’ ಎಂದೂ ತಿದ್ದಿಕೊಂಡರು; ಮುಖ್ಯ ಮತ್ತು ಪ್ರತಿ ಎಂದು ಅರ್ಥ. ಅದೇ ವರ್ಷ ಡ್ರೂಪಲ್ ಸಮುದಾಯದವರೂ ಹಾಗೆಯೇ ಮಾಡಿದರು. 2018ರಲ್ಲಿ ಪೈಥಾನ್ ಮತ್ತು ರೆಡಿಸ್‌ಗಳ ಸರದಿ ಬಂದಿತು. 2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬಾತನನ್ನು ಪೊಲೀಸನೊಬ್ಬನು ಕುತ್ತಿಗೆಯ ಮೇಲೆ ಮೊಣಕಾಲೂರಿ ಕೊಂದಾಗ ಅಮೆರಿಕವೆಲ್ಲ ಕುದಿಯಿತು; ತಂತ್ರಾಂಶದ ಸಮುದಾಯಗಳೂ ತಮ್ಮ ಮಾತನ್ನು ತಾವೇ ಕೇಳಿಸಿಕೊಳ್ಳಬೇಕಾಯಿತು. ಅದೇ ಜುಲೈ ತಿಂಗಳಲ್ಲಿ ಲಿನಕ್ಸ್ ಕರ್ನಲ್‌ನವರು ಹೊಸ ಬರಹದಲ್ಲಿ ‘ಸ್ಲೇವ್’, ‘ಬ್ಲ್ಯಾಕ್‌ಲಿಸ್ಟ್’ ಮೊದಲಾದ ಮಾತುಗಳನ್ನು ಬಳಸಕೂಡದೆಂದು ನಿಯಮ ಮಾಡಿದರು. ಅಕ್ಟೋಬರ್ 1ರಿಂದ ಗಿಟ್‌ಹಬ್‌ನಲ್ಲಿ ಹೊಸದಾಗಿ ತೆರೆಯುವ ಪ್ರತಿಯೊಂದು ಕಡತಭಂಡಾರದ ಮುಖ್ಯ ಶಾಖೆಗೂ ‘ಮಾಸ್ಟರ್’ ಬದಲು ‘ಮೇನ್’ ಎಂಬ ಹೆಸರು ತಾನಾಗಿ ಬರುವಂತಾಯಿತು. ಪಡಸಾಲೆಯ ಮಗನು ಹೇಳಿದುದು ಇದನ್ನೇ.

ಇನ್ನು ವಾದ. ಶಾಸ್ತ್ರಗಳ ಕ್ರಮದಂತೆ ಪೂರ್ವಪಕ್ಷವನ್ನು ಮೊದಲು ಕೇಳಬೇಕು. ಕೇಳದೆ ಖಂಡಿಸುವುದು ಪಂಡಿತನಿಗೆ ಶೋಭಿಸುವುದಿಲ್ಲ.

ಪೂರ್ವಪಕ್ಷದವರ ಪ್ರಬಲವಾದ ಆಕ್ಷೇಪವು ಶಬ್ದಾರ್ಥಕ್ಕೆ ಸಂಬಂಧಿಸಿದುದು. ‘ಮಾಸ್ಟರ್’ ಎಂದರೆ ಒಡೆಯನೊಬ್ಬನೇ ಅಲ್ಲ. ಗುರುವೂ ಹೌದು, ಕುಶಲಿಯೂ ಹೌದು, ಪ್ರತಿ ತೆಗೆಯುವ ಮೂಲವೂ ಹೌದು. ಗಿಟ್‌ನಲ್ಲಿ ಆ ಹೆಸರನ್ನು 2005ರಲ್ಲಿ ಆರಿಸಿದವರು, ಹಾಡಿನ ಮೂಲಮುದ್ರಿಕೆಯೆಂಬ ಅರ್ಥವೇ ತಮ್ಮ ಮನಸ್ಸಿನಲ್ಲಿತ್ತೆಂದು 2020ರಲ್ಲಿ ಹೇಳಿದರು. (‘ಮೇನ್’ ಎಂದೇ ಇಟ್ಟಿದ್ದರೆ ಚೆನ್ನಾಗಿತ್ತೆಂದೂ ಅವರೇ ಹೇಳಿದರೆಂಬುದನ್ನು ಈ ಪಕ್ಷದವರು ಸಾಮಾನ್ಯವಾಗಿ ಉದಾಹರಿಸುವುದಿಲ್ಲ.) ‘ಬ್ಲ್ಯಾಕ್‌ಲಿಸ್ಟ್’ ಎಂಬುದರ ಮೂಲದಲ್ಲಿಯೂ ಚರ್ಮದ ಬಣ್ಣದ ಪ್ರಸ್ತಾಪವಿಲ್ಲ; ನಮ್ಮ ಕಪ್ಪುಪಟ್ಟಿ, ಕಪ್ಪುಹಣಗಳಲ್ಲಿ ಅದಿಲ್ಲವಷ್ಟೆ. ನಿರ್ದೋಷವಾದ ಶಬ್ದಕ್ಕೆ ದಂಡನೆಯೇಕೆ?

ಇಲ್ಲಿ ವ್ಯಾಕರಣವನ್ನು ಓದಿದವರು ಒಂದು ಕ್ಷಣ ನಿಲ್ಲಬೇಕು. ಶಬ್ದಕ್ಕೆ ಯೋಗಾರ್ಥವೊಂದು, ರೂಢಾರ್ಥವೊಂದು. ‘ಕುಶಲ’ನೆಂದರೆ ಯೋಗಾರ್ಥದಲ್ಲಿ ದರ್ಭೆಯನ್ನು ಕೊಯ್ದು ತರುವವನು, ‘ಪ್ರವೀಣ’ನೆಂದರೆ ವೀಣೆಯಲ್ಲಿ ನುರಿತವನು. ಇಂದು ಗಾಡಿ ರಿಪೇರಿಯಲ್ಲಿ ಪ್ರವೀಣನೆನ್ನುವಾಗ ಯಾರಿಗೆ ವೀಣೆ ನೆನಪಾಗುತ್ತದೆ? ರೂಢಿಯು ಯೋಗವನ್ನು ನುಂಗಿಬಿಡುತ್ತದೆ. ಆದುದರಿಂದ ಮೂಲವನ್ನು ಹುಡುಕಿ ಗೆಲ್ಲುವೆನೆಂಬ ವಾದ ಎರಡು ಕಡೆಯವರಿಗೂ ಕೈಕೊಡುತ್ತದೆ. ಇಂಗ್ಲಿಷಿನಲ್ಲಿ ಹಳೆಯ ನಿಯಮವು ಹಳಬರಿಗೆ ಮುಂದುವರಿಯಲೆಂದು ಬಿಡುವುದಕ್ಕೆ ‘ಗ್ರಾಂಡ್‌ಫಾದರ್’ ಶಬ್ದದಿಂದ ಮಾಡಿದ ಒಂದು ಕ್ರಿಯಾಪದವಿದೆ. ತಂತ್ರಾಂಶದವರೂ ಅದನ್ನು ದಿನವೂ ಆಡುತ್ತಾರೆ. ಅಜ್ಜನ ಹೆಸರು, ಎಷ್ಟು ಮೃದುವಾದ ಮಾತು! ಅದರ ಹುಟ್ಟು ಮಾತ್ರ ಹೀಗೆ: ಅಮೆರಿಕದ ದಕ್ಷಿಣದ ಕೆಲವು ರಾಜ್ಯಗಳು ಮತದಾರನಿಗೆ ಓದುಬರಹದ ಪರೀಕ್ಷೆಯನ್ನು ವಿಧಿಸಿ, ಯಾರ ಅಜ್ಜನು ಮತ ಹಾಕುತ್ತಿದ್ದನೋ ಅವನಿಗೆ ಆ ಪರೀಕ್ಷೆ ಬೇಡವೆಂದವು. ತೊತ್ತಾಗಿದ್ದವನ ಮೊಮ್ಮಗನಿಗೆ ಮತ ಹಾಕಿದ ಅಜ್ಜನು ಎಲ್ಲಿಂದ ಬರಬೇಕು? ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1915ರಲ್ಲಿ ಇದನ್ನು ಹೊಡೆದುಹಾಕಿತು. ಹುಟ್ಟಿನಲ್ಲಿ ದೋಷವಿರುವ ಮಾತು ಇಂದು ಬಹುಮಂದಿಗೆ ಚುಚ್ಚುವುದಿಲ್ಲ. ಹುಟ್ಟಿನಲ್ಲಿ ನಿರ್ದೋಷವಾದ ಮಾತು ಕೆಲವರಿಗೆ ಚುಚ್ಚುತ್ತದೆ. ಹಾಗಾದರೆ ಪ್ರಮಾಣ ಯಾವುದು? ಶ್ರೋತೃವಿನ ಕಿವಿಯಲ್ಲಿ ಇಂದು ಜೀವಂತವಾಗಿರುವ ರೂಢಿಯೇ ಪ್ರಮಾಣ.

ಈ ಪ್ರಮಾಣವನ್ನಿಟ್ಟುಕೊಂಡು ನೋಡಿದರೆ ‘ಸ್ಲೇವ್’ ಎಂಬ ಮಾತಿಗೂ ಒಂಟಿಯಾಗಿ ನಿಂತ ‘ಮಾಸ್ಟರ್’ ಎಂಬ ಮಾತಿಗೂ ಅಂತರವಿದೆಯೆಂಬುದು ಸ್ಪಷ್ಟ. ಮೊದಲನೆಯದರ ರೂಢಾರ್ಥ ಸತ್ತಿಲ್ಲ. ತಮ್ಮ ಮುತ್ತಜ್ಜನ ತಂದೆಯನ್ನು ಇಂತಿಷ್ಟು ಡಾಲರಿಗೆ ಮಾರಿದರೆಂಬ ಕಾಗದವು ಯಾರ ಮನೆತನದ ಚರಿತ್ರೆಯೋ ಅವರು ಆ ಮಾತನ್ನು ದಿನಕ್ಕೆ ಐವತ್ತು ಸಲ ಬೆರಳಿನಿಂದ ಒತ್ತಿ ಬರೆಯಬೇಕು. ಎರಡನೆಯದು ಸಂದಿಗ್ಧ. ಸಂದಿಗ್ಧವಾದುದನ್ನೂ ನಿಶ್ಚಿತವಾದುದನ್ನೂ ಒಂದೇ ತಕ್ಕಡಿಗೆ ಹಾಕಿದುದರಿಂದಲೇ ಜಗಳ ಇಷ್ಟು ಬೆಳೆಯಿತು. ‘ಮಾಸ್ಟರ್’ ಉಳಿಯಲೆನ್ನುವವನನ್ನು ದಾಸ್ಯದ ಪಕ್ಷಪಾತಿಯೆಂದು ನಿಂದಿಸಿದುದು ಅನ್ಯಾಯ; ‘ಸ್ಲೇವ್’ ಹೋಗಲೆನ್ನುವವನನ್ನು ಬೆನ್ನೆಲುಬಿಲ್ಲದವನೆಂದು ಜರೆದುದೂ ಅನ್ಯಾಯ.

ಕನ್ನಡಿಗನಿಗೆ ಈ ನೋವು ಅರ್ಥವಾಗದಿರುವುದು ಅವನ ತಪ್ಪಲ್ಲ, ಅವನ ಕಿವಿಗೆ ‘ಮಾಸ್ಟರ್’ ಎಂದರೆ ಕೈಯಲ್ಲಿ ಸೀಮೆಸುಣ್ಣ ಹಿಡಿದ ಮೇಷ್ಟ್ರು. ಆದರೆ ಪಂಪುಸೆಟ್ಟಿನ ಕೈಪಿಡಿಯೊಂದರಲ್ಲಿ ‘ಗೌಡನ ಮೋಟಾರು’, ‘ಜೀತದ ಮೋಟಾರು’ ಎಂದು ಅಚ್ಚಾಗಿದೆಯೆನ್ನೋಣ. ಜೀತಪದ್ಧತಿಯನ್ನು ಕಾನೂನು ನಿಷೇಧಿಸಿದುದು 1976ರಲ್ಲಿ. ಜೀತಕ್ಕಿದ್ದವರ ಮಕ್ಕಳು ಊರೂರಿನಲ್ಲಿ ಇದ್ದಾರೆ, ಇಂಜಿನಿಯರುಗಳೂ ಆಗಿದ್ದಾರೆ. ಆ ಕೈಪಿಡಿಯನ್ನು ಅವರ ಕೈಗೆ ಕೊಟ್ಟು, ‘ಇದು ಮೋಟಾರಿಗೆ ಹೇಳಿದ್ದಪ್ಪಾ, ನಿನಗಲ್ಲ’ ಎನ್ನಲು ಯಾವ ಗೃಹಸ್ಥನ ನಾಲಿಗೆ ಏಳುತ್ತದೆ? ಇಂಗ್ಲಿಷಿನವರು ‘ಪರೈಯ’ ಎಂಬ ತಮಿಳು ನಾಡಿನ ಸಮುದಾಯದ ಹೆಸರನ್ನು ‘ಪರಾಯಾ’ ಎಂದು ಮಾಡಿಕೊಂಡು, ಎಲ್ಲರೂ ದೂರವಿಟ್ಟವನು ಎಂಬ ಅರ್ಥದಲ್ಲಿ ಇಂದಿಗೂ ಪತ್ರಿಕೆಗಳಲ್ಲಿ ಬರೆಯುತ್ತಾರೆ. ಬರೆಯುವವರಿಗೆ ದ್ವೇಷವಿಲ್ಲ. ಆ ಸಮುದಾಯದಲ್ಲಿ ಹುಟ್ಟಿದವನು ಓದುವಾಗ ಏನಾಗುತ್ತದೆಂಬುದು ಬೇರೆಯ ಮಾತು.

ಶರಣರ ಚರಿತ್ರೆಯು ಇಲ್ಲಿ ಒಂದು ತೊಡಕನ್ನು ಮುಂದಿಡುತ್ತದೆ, ಅದನ್ನು ಮರೆಮಾಚಬಾರದು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ ಎಂಬಲ್ಲಿ, ಲೋಕವು ಕೀಳೆಂದ ಹೆಸರನ್ನು ಅಳಿಸಲಿಲ್ಲ, ಎದೆಯೆತ್ತಿ ಇಟ್ಟುಕೊಂಡರು. ಕಿಂಕರ, ಆಳು, ತೊತ್ತಿನ ಮಗ ಎಂಬ ಮಾತುಗಳನ್ನು ದೊಡ್ಡವರು ತಮ್ಮ ಮೇಲೆ ತಾವೇ ಹಾಕಿಕೊಂಡರು. ಹಾಗಾದರೆ ಹೆಸರನ್ನು ಬದಲಾಯಿಸುವುದಕ್ಕಿಂತ ಹೆಸರಿನ ಮಾನವನ್ನು ಏರಿಸುವುದು ಮೇಲಲ್ಲವೆ ಎಂದು ಕೇಳಬಹುದು. ಮೇಲು ಹೌದು. ಆದರೆ ಹೊತ್ತವನು ತಾನಾಗಿ ಎತ್ತಿಕೊಂಡ ಹೆಸರಿಗೂ ಬೇರೆಯವನು ಹೊರಿಸಿದ ಹೆಸರಿಗೂ ಆಕಾಶ ಭೂಮಿಗಳ ಅಂತರ. ಮಾದಾರನೆಂಬ ಹೆಸರಿನ ಮುಂದೆ ‘ಅಯ್ಯ’ ಎಂಬುದು ಸೇರಿದಾಗಲೇ ಅದರ ಅರ್ಥ ತಿರುಗಿತು. ಆ ‘ಅಯ್ಯ’ನನ್ನು ತನ್ನ ಪಂಕ್ತಿಯಲ್ಲಿ ಕೂರಿಸಿಕೊಂಡಾಗ ನಿಂತಿತು. ಯಂತ್ರಕ್ಕೆ ಸ್ಲೇವ್ ಎಂದವರು ಯಾರನ್ನೂ ಕೂರಿಸಿಕೊಂಡಿರಲಿಲ್ಲ.

ದಯೆಯಿಂದ ಕೊಟ್ಟ ಹೆಸರೂ ಹೊರಿಸಿದ್ದೇ ಆಗಬಹುದು. ಗಾಂಧಿಯವರು ಸದಾಶಯದಿಂದ ‘ಹರಿಜನ’ವೆಂದರು, 1933ರಲ್ಲಿ ಅದೇ ಹೆಸರಿನ ಪತ್ರಿಕೆಯನ್ನೂ ಹೊರಡಿಸಿದರು. ಅದನ್ನು ಹೊತ್ತವರಲ್ಲಿ ಬಹುಮಂದಿ ಬೇಡವೆಂದರು. 1982ರಲ್ಲಿ ಕೇಂದ್ರ ಸರ್ಕಾರವು ಜಾತಿ ಪ್ರಮಾಣಪತ್ರಗಳಲ್ಲಿ ಆ ಮಾತನ್ನು ಬರೆಯಕೂಡದೆಂದು ರಾಜ್ಯಗಳಿಗೆ ತಿಳಿಸಿತು. ‘ದಲಿತ’ವೆಂಬುದು ಹೊತ್ತವರೇ ಎತ್ತಿಕೊಂಡ ಮಾತು. ಶಬ್ದದ ಸೌಂದರ್ಯವನ್ನು ನೋಡಿದರೆ ‘ಹರಿಜನ’ವೇ ಚೆಲುವು. ಆದರೆ ಸೌಂದರ್ಯವನ್ನು ಯಾರು ಕೇಳಿದರು?

ಎರಡನೆಯ ಆಕ್ಷೇಪವು ಕೆಲಸಕ್ಕೆ ಸಂಬಂಧಿಸಿದುದು: ಹೆಸರನ್ನು ತೆಗೆದರೆ, ಆ ಹೆಸರನ್ನೇ ನೆಚ್ಚಿ ನಡೆಯುವ ಸಾವಿರಾರು ಯಂತ್ರಗಳು ಕೆಡುತ್ತವೆ. ಇದು ಸತ್ಯವಾದ ಮಾತು. ವಿವೇಕಿಗಳು ಇದಕ್ಕೆ ದಾರಿಯನ್ನೂ ಕಂಡುಕೊಂಡರು. ರೆಡಿಸ್‌ನ ಕರ್ತೃವು ಈ ಬದಲಾವಣೆಯ ವಾದ ತನಗೆ ಒಪ್ಪಿಗೆಯಿಲ್ಲವೆಂದು ಬಹಿರಂಗವಾಗಿಯೇ ಬರೆದನು. ಆದರೂ 2018ರ ಆವೃತ್ತಿಯಲ್ಲಿ ‘ರೆಪ್ಲಿಕಾ’ ಎಂಬ ಹೊಸ ಆಜ್ಞಾಶಬ್ದವನ್ನು ಸೇರಿಸಿ, ಹಳೆಯ ಆಜ್ಞೆಯೂ ನಡೆಯುವಂತೆ ಬಿಟ್ಟನು. ಮನಸ್ಸು ಒಪ್ಪದಿದ್ದರೂ ಕೇಳಿದವನಿಗೆ ಜಾಗ ಬಿಡುವುದು ಸಾಮಾನ್ಯವಾದ ಗುಣವಲ್ಲ. ಪೈಥಾನಿನಲ್ಲಿ ಚರ್ಚೆ ಕಾವೇರಿದಾಗ, ಅದರ ಜನಕನಾದ ಗೀಡೋ ವಾನ್ ರಾಸಮ್ ನಾಲ್ಕು ತಿದ್ದುಪಡಿಗಳಲ್ಲಿ ಮೂರು ಸೇರಿಕೊಂಡಿವೆ, ನಾಲ್ಕನೆಯದು ಯೂನಿಕ್ಸ್ ವ್ಯವಸ್ಥೆಯ ಮೂಲ ಪರಿಭಾಷೆಯೇ ಆದುದರಿಂದ ಅದನ್ನು ಮುಟ್ಟಬಾರದೆಂದು ಹೇಳಿ ವಾದವನ್ನು ಮುಚ್ಚಿದನು. ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ ಅವನು ತನ್ನ ಅಧಿಕಾರವನ್ನು ಬಿಟ್ಟಿದ್ದನು. ಅಧಿಕಾರ ಬಿಟ್ಟವನ ಮಾತಿಗೆ ಬೆಲೆ ಬಂದಿತು. ಲಿನಕ್ಸಿನವರೂ ಹಳೆಯ ಯಂತ್ರಗಳ ಪರಿಭಾಷೆಗೆ ವಿನಾಯಿತಿ ಕೊಟ್ಟರು.

ಹೊಸ ಹೆಸರುಗಳಿಂದ ಎಣಿಸದ ಲಾಭವೂ ಆಯಿತು. ಮಾಹಿತಿಯ ಕೋಶಗಳಲ್ಲಿ ಮುಖ್ಯ ಯಂತ್ರವು ಕೆಟ್ಟು ನಿಂತರೆ ಪ್ರತಿಗಳಲ್ಲೊಂದನ್ನು ಮುಖ್ಯವನ್ನಾಗಿ ಏರಿಸುತ್ತಾರೆ. ಯಾವ ನಾಡಿನ ತೊತ್ತು ಒಡೆಯನು ಸತ್ತ ಗಳಿಗೆಯಲ್ಲಿಯೇ ಒಡೆಯನಾದನು? ಹಳೆಯ ಹೆಸರು ನೋಯಿಸುತ್ತಿದ್ದುದಷ್ಟೇ ಅಲ್ಲ, ಸುಳ್ಳನ್ನೂ ಹೇಳುತ್ತಿತ್ತು. ‘ರೆಪ್ಲಿಕಾ’ ಎಂಬುದು ಅನ್ವರ್ಥನಾಮ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಭಾರವಾದುದು, ಏಕೆಂದರೆ ಅದು ಶಬ್ದವನ್ನು ಬಿಟ್ಟು ನಡತೆಗೆ ಕೈಹಾಕುತ್ತದೆ. ಇದೆಲ್ಲ ತೋರಿಕೆ, ಖರ್ಚಿಲ್ಲದ ಪುಣ್ಯ, ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಹೀಗೆಂದವರಲ್ಲಿ ಆಫ್ರಿಕದ ಮೂಲದ ತಂತ್ರಜ್ಞರೂ ಕೆಲವರಿದ್ದರು. (ಹಿಂದಿನ ಕನ್ನಡ ಪುಸ್ತಕಗಳಲ್ಲಿ ಈ ಜನರಿಗೆ ‘ನೀಗ್ರೋ’ ಎಂದೇ ಅಚ್ಚಾಗುತ್ತಿತ್ತು, ಅದನ್ನು ಬಿಟ್ಟುದರಿಂದ ಕನ್ನಡಕ್ಕೆ ಏನೂ ಕೊರತೆಯಾಗಲಿಲ್ಲ.) ‘ನಮಗೆ ಕೆಲಸ ಕೊಡಿರಿ, ಸಮಾನ ವೇತನ ಕೊಡಿರಿ, ಶಾಖೆಯ ಹೆಸರು ಏನಾದರೂ ಇರಲಿ’ ಎಂಬುದು ಅವರ ಮಾತಿನ ಸಾರ. ಗಿಟ್‌ಹಬ್ ಸಂಸ್ಥೆಯ ಸಂಗತಿಯನ್ನೇ ನೋಡಬಹುದು. ಅಮೆರಿಕದ ವಲಸೆಗಾರರನ್ನು ಹಿಡಿದು ಹೊರಗಟ್ಟುವ ಸರ್ಕಾರಿ ಇಲಾಖೆಗೆ ತಂತ್ರಾಂಶ ಒದಗಿಸುವ ಒಪ್ಪಂದವನ್ನು ಬಿಡಬೇಕೆಂದು ಅಲ್ಲಿಯ ನೌಕರರೇ 2019ರಲ್ಲಿ ಕೇಳಿದರು. ಆ ಒಪ್ಪಂದದ ಮೊತ್ತ ಸುಮಾರು 2 ಲಕ್ಷ ಡಾಲರು; ಸಂಸ್ಥೆಯು ಅದನ್ನು ಬಿಡದೆ, ವಲಸೆಗಾರರಿಗೆ ನೆರವಾಗುವ ಸಂಘಗಳಿಗೆ 5 ಲಕ್ಷ ಡಾಲರು ಕೊಡುವೆನೆಂದಿತು. ಮರುವರ್ಷ ಶಾಖೆಯ ಹೆಸರು ಬದಲಾಯಿತು. ಹೆಸರು ಬದಲಾದುದು ತಪ್ಪಲ್ಲ. ಆದರೆ ಯಾವುದನ್ನು ಬೇಗ ಮಾಡಿದರು, ಯಾವುದನ್ನು ಮಾಡಲಿಲ್ಲ ಎಂಬುದನ್ನು ನೌಕರರು ಲೆಕ್ಕವಿಟ್ಟುಕೊಂಡರು.

ಈ ಲೆಕ್ಕದಿಂದ ಭಾರತೀಯರೂ ತಪ್ಪಿಸಿಕೊಳ್ಳಲಾಗದು. ಹೆಸರುಗಳನ್ನು ತಿದ್ದುವ ಉತ್ಸಾಹ ಏರಿದ್ದ ಅದೇ 2020ರ ಜೂನ್ 30ರಂದು ಕ್ಯಾಲಿಫೋರ್ನಿಯ ರಾಜ್ಯದ ಇಲಾಖೆಯೊಂದು ಅಲ್ಲಿಯ ಒಂದು ದೊಡ್ಡ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿತು. ಭಾರತದಿಂದ ಹೋದ ಮೇಲ್ಜಾತಿಯ ಅಧಿಕಾರಿಗಳು ಭಾರತದಿಂದಲೇ ಹೋದ ದಲಿತ ಇಂಜಿನಿಯರನನ್ನು ಕೀಳಾಗಿ ಕಂಡರೆಂಬುದು ಆರೋಪ. ಸಂಸ್ಥೆಯು ಆರೋಪವನ್ನು ನಿರಾಕರಿಸಿತು. 2023ರಲ್ಲಿ ಇಬ್ಬರು ಅಧಿಕಾರಿಗಳ ಮೇಲಿನ ದೂರನ್ನು ಇಲಾಖೆಯೇ ಹಿಂತೆಗೆದುಕೊಂಡಿತು. ಆ ಮೊಕದ್ದಮೆಯ ಗುಣದೋಷಗಳು ನ್ಯಾಯಾಲಯಕ್ಕೆ ಬಿಟ್ಟುದು. ಇಲ್ಲಿ ಗಮನಿಸತಕ್ಕುದು ಬೇರೆ. 2020ರಲ್ಲಿಯೇ ಆ್ಯಪಲ್ ಸಂಸ್ಥೆಯು ತನ್ನ ನೌಕರರ ನಡತೆಯ ನಿಯಮಗಳಲ್ಲಿ ‘ಜಾತಿ’ ಎಂಬ ಪದವನ್ನು ಸೇರಿಸಿತು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರವು ಜಾತಿಯಿಂದ ಭೇದ ಮಾಡುವುದನ್ನು ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯದ ಶಾಸನಸಭೆಯು ಅಂತಹುದೇ ಮಸೂದೆಯನ್ನು ಒಪ್ಪಿದರೂ ರಾಜ್ಯಪಾಲನು ಅಂಕಿತ ಹಾಕಲಿಲ್ಲ. ಒಂದು ಕಡೆ ನೋಯಿಸುವ ಪದವನ್ನು ಅಳಿಸುವ ಶ್ರಮ; ಇನ್ನೊಂದು ಕಡೆ, ನೋವಿಗೆ ಒಂದು ಹೆಸರಿರಲೆಂದು ಪದವನ್ನು ಬರೆಯಿಸುವ ಶ್ರಮ. ಎರಡನೆಯದಕ್ಕೆ ಅಡ್ಡಿ ಹೆಚ್ಚು. ‘ಸ್ಲೇವ್’ ಎಂಬುದನ್ನು ಅಳಿಸಿದಾಗ ಭಾರತೀಯ ತರುಣನು ಚಪ್ಪಾಳೆ ತಟ್ಟಿದನು. ‘ಜಾತಿ’ ಎಂಬುದನ್ನು ಬರೆಯುವಾಗ, ‘ಅದೆಲ್ಲ ಇಲ್ಲಿ ಎಲ್ಲಿದೆ?’ ಎಂದವರೂ ಅವರಲ್ಲಿಯೇ ಹಲವರು.

ಗಿಟ್ ತಂತ್ರಾಂಶವನ್ನು ಕಟ್ಟುವವರು ತಮ್ಮ ಮುಂದಿನ 3.0 ಆವೃತ್ತಿಯಲ್ಲಿ ಮುಖ್ಯ ಶಾಖೆಗೆ ‘ಮೇನ್’ ಎಂಬುದೇ ಸಹಜನಾಮವಾಗಿರಬೇಕೆಂದು 2025ರಲ್ಲಿ ಬರೆದಿಟ್ಟರು. ಕೂಗಾಟವೆಲ್ಲ ಅಡಗಿದ ಮೇಲೆ, ಅವಸರವಿಲ್ಲದೆ ಆದ ತೀರ್ಮಾನ ಇದು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗನಿಗೆ ಹಿಂದೆ ಬೇರೆ ಹೆಸರಿತ್ತೆಂಬುದೂ ತಿಳಿಯುವುದಿಲ್ಲ.

ಪಡಸಾಲೆಯ ಮಾತು ಅರ್ಧಕ್ಕೆ ನಿಂತಿತ್ತಷ್ಟೆ. ನಕ್ಕ ತಂದೆಯು ಸ್ವಲ್ಪ ಹೊತ್ತಿನ ಮೇಲೆ, “ಅದಿರಲಿ, ನಿನ್ನ ಕಛೇರಿಯಲ್ಲಿ ದಿನವೂ ನಿನ್ನ ಮೇಜು ಒರಸುವ ಆ ತಾಯಿಯ ಹೆಸರೇನಪ್ಪಾ?” ಎಂದು ಕೇಳಬಹುದು. ಮಗನು ತಡವರಿಸಬಹುದು. ತಡವರಿಸಿ, ತಲೆ ತಗ್ಗಿಸಿ, ಮತ್ತೆ ಎತ್ತಿ, ಹಿತ್ತಲಿನ ಗೋಡೆಯ ಗೂಡಿನಲ್ಲಿ ಹೊಲದ ಆಳಿಗೆಂದು ಬೇರೆಯಾಗಿ ಬೋರಲು ಹಾಕಿಟ್ಟಿರುವ ಲೋಟವನ್ನು ತೋರಿಸಿ, “ಅಪ್ಪಾ, ಅದು ಯಾರದು?” ಎಂದೂ ಕೇಳಬಹುದು.